ಮೂರು ತಾಲ್ಲೂಕಿನ ನಂಬರ್ ಪ್ಲೇಟು

ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕಿನಲ್ಲಿ ನನ್ನ ಸೋದರಮಾವನಷ್ಟು ಮೋಟಾರುಗಳನ್ನು ಬಲ್ಲವರು ಇನ್ನೊಬ್ಬರಿರಲಿಲ್ಲ. ಹಾಗಂತ ಅವನಿಗೆ ಮೋಟಾರು ಬಿಡಲು ಬರುತ್ತಿತ್ತೆಂದು ತಿಳಿಯಬೇಡಿ. ಸೈಕಲ್ಲೇ ಬರುತ್ತಿರಲಿಲ್ಲ! ಇಂಜಿನ್ನು ಮುಂದಿರುತ್ತದೋ ಹಿಂದಿರುತ್ತದೋ ಎಂದು ಯಾರಾದರೂ ಕೇಳಿದರೆ "ಇರ್ತದೆ, ಎಲ್ಲೋ ಒಂದು ಕಡೆ" ಅನ್ನುತ್ತಿದ್ದ. ಅವನಿಗೆ ಗೊತ್ತಿದ್ದದ್ದು ಮೋಟಾರಿನ ಹಣೆಬರಹ ಮಾತ್ರ. ಅಂದರೆ ನಂಬರ್ ಪ್ಲೇಟು. ಗೊತ್ತಿರದೆ ಏನು? ಬರೆಯುತ್ತಿದ್ದವನೇ ಅವನು!

ಬ್ರಹ್ಮನಾದರೆ ಒಮ್ಮೆ ಹಣೆಯ ಮೇಲೆ ಗೀಚಿ ಕೈ ತೊಳೆದುಕೊಳ್ಳುತ್ತಾನೆ. ಆಮೇಲೆ ನೀವು ಬದುಕಿದ್ದೀರೋ ಸತ್ತಿದ್ದೀರೋ ಅವನಿಗೆ ಸಂಬಂಧವಿಲ್ಲ. ಮಾವ ಹಾಗಲ್ಲ. ಬರೆದ ಮೇಲೂ ಬಿಡುತ್ತಿರಲಿಲ್ಲ. ಬೆಳಿಗ್ಗೆ ಬಸದಿಗೆ ಹೋಗಿ ಕೈಮುಗಿದು ಬಂದವನು ನೆಟ್ಟಗೆ ಸಾಗರದ ಮೋಟಾರ್ ಸ್ಟ್ಯಾಂಡಿಗೆ ಹೋಗುತ್ತಿದ್ದ. ಒಂದೊಂದು ಬಸ್ಸಿನ ಹಿಂದೆಯೂ ಕುಕ್ಕರಗಾಲಲ್ಲಿ ಕೂತು, ಮಗುವಿನ ಮೂಗು ಒರೆಸುವ ಹಾಗೆ ಪಂಚೆಯ ಚುಂಗಿನಿಂದ ನಂಬರು ಒರೆಸಿ, "ಈಗ ಹೋಗು" ಎಂದು ತಗಡಿಗೆ ಹೇಳುತ್ತಿದ್ದ. ಡ್ರೈವರಿಗಲ್ಲ, ತಗಡಿಗೆ! ಅವನು ಹಾಗೆ ಹೇಳದೆ ಬಸ್ಸು ಹೊರಟರೆ ಪ್ರಯಾಣಿಕರಿಗೇ ಏನೋ ಕಳೆದುಕೊಂಡ ಹಾಗಾಗುತ್ತಿತ್ತು.

ನಾನು ಹೆಣ್ಣುಮಕ್ಕಳ ಶಾಲೆಗೆ ಟೀಚರಾಗಿ ಸಾಗರಕ್ಕೆ ಬಂದದ್ದು ನಯಾಪೈಸೆ ಹೊಸತಾಗಿ ಬಂದ ಕಾಲದಲ್ಲಿ. ನಮ್ಮದು ಹೊಸನಗರದ ಕಡೆಯ ಜೈನರ ಮನೆ. ಮದುವೆಯಾಗದ ಹುಡುಗಿ ಬೇರೆ ಬಿಡಾರ ಮಾಡುವುದುಂಟೆ ಎಂದು ಅಮ್ಮ ನನ್ನನ್ನು ತನ್ನ ತಮ್ಮನ ಮನೆಗೇ ಕಳಿಸಿದಳು. ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮಾವ, ಅತ್ತೆ ಇಬ್ಬರೇ ಇದ್ದರು. ಮಕ್ಕಳಿರಲಿಲ್ಲ. ಮನೆಯ ಮುಂದಿನ ಜಗಲಿಯೇ ಮಾವನ ಅಂಗಡಿ. ಒಂದು ಮಣೆ, ಒಂದು ಡಬ್ಬಿ ಕಪ್ಪು ಬಣ್ಣ, ಒಂದು ಡಬ್ಬಿ ಬಿಳಿ ಬಣ್ಣ. ಆಗ ಎಲ್ಲ ಗಾಡಿಗಳಿಗೂ ಕಪ್ಪು ತಗಡಿನ ಮೇಲೆ ಬಿಳಿ ಅಂಕಿ. ಇದರಲ್ಲಿ ಕಲಿಯುವುದು ಏನಿದೆ ಎಂದು ನೀವು ಕೇಳಬಹುದು. ನಾನೂ ಬಂದ ದಿನವೇ ಕೇಳಿ ಕೆಟ್ಟೆ. ಶಾಲೆಗೆ ಹೊತ್ತಾಗುವವರೆಗೆ ಪಾಠ ಆಯಿತು.

ಮೊದಲನೆಯದಾಗಿ ಕುಂಚ. ಪೇಟೆಯಲ್ಲಿ ಸಿಗುವ ಕುಂಚವನ್ನು ಮಾವ ಮುಟ್ಟುತ್ತಿರಲಿಲ್ಲ. "ಯಾವ ಪ್ರಾಣಿಯ ಕೂದಲೋ, ಕೊಂದು ಕಿತ್ತಿದ್ದೋ, ಯಾರಿಗೆ ಗೊತ್ತು?" ಹಾಗಾಗಿ ರೈಲ್ವೆ ಸ್ಟೇಷನ್ನಿನ ಜಟಕಾದವನನ್ನು ಗೊತ್ತು ಮಾಡಿಕೊಂಡಿದ್ದ. ಕುದುರೆಯ ಬಾಲ ಬಾಚುವಾಗ ತಾನಾಗಿ ಉದುರಿದ ಕೂದಲನ್ನು ಅವನು ಕಾಗದದಲ್ಲಿ ಸುತ್ತಿ ತಂದುಕೊಡಬೇಕು. ಆಗಲೂ ಮಾವನ ಪ್ರಶ್ನೆ ತಪ್ಪುತ್ತಿರಲಿಲ್ಲ.

"ಎಳೆದ್ಯಾ?"

"ಇಲ್ಲ ಪೈಂಟ್ರೇ, ತಾನೇ ಕೊಡ್ತು."

"ಸಂತೋಷದಿಂದ ಕೊಡ್ತಾ?"

ಜಟಕಾದವ ಒಂದು ದಿನ ಕೈಮುಗಿದು, "ಪೈಂಟ್ರೇ, ನಾಳೆಯಿಂದ ಕುದುರೆನೇ ಕರ್ಕೊಂಡು ಬರ್ತೀನಿ, ನೀವೇ ಕೇಳ್ಕೊಳ್ಳಿ" ಅಂದನಂತೆ.

ಎರಡನೆಯದು ಬರಹದ ಜಾತಿ. ಮಾವನ ಪ್ರಕಾರ ನಂಬರು ಸರಕಾರದ್ದು, ಬರಹ ಯಜಮಾನನದು. ಅಂಕಿ ಯಾರೋ ಕೊಟ್ಟದ್ದಾದರೂ ಅದನ್ನು ಹೇಗೆ ಬರೆಸುತ್ತಾನೆ ಎನ್ನುವುದರಲ್ಲಿ ಮನುಷ್ಯ ಸಿಕ್ಕಿಬೀಳುತ್ತಾನೆ. ತಗಡಿನ ಅಂಚಿಗೆ ಮುಟ್ಟುವ ಹಾಗೆ ದಪ್ಪ ದಪ್ಪ ಅಂಕಿ ಬರೆಸಿದ್ದಾನೋ? ಪಾಪ, ಮನೆಯಲ್ಲಿ ಇವನ ಮಾತು ನಡೆಯುವುದಿಲ್ಲ, ರಸ್ತೆಯಲ್ಲಾದರೂ ನಡೆಯಲಿ ಅಂತ. ಸಣ್ಣ ಅಂಕಿಗಳನ್ನು ಮೂಲೆಗೆ ಒತ್ತಿಸಿದ್ದಾನೋ? ಪೊಲೀಸರಿಗೆ ಹೆದರುವವನು, ಇಲ್ಲವೇ ಹೆದರಬೇಕಾದವನು. ಅಂಕಿಯೆಲ್ಲ ಮುಂದಕ್ಕೆ ಬಾಗಿದ್ದರೆ ಅಂಥವನ ಗಾಡಿ ಹತ್ತಬಾರದು, ಅಂಕಿಗೇ ಇಷ್ಟು ಅವಸರವಾದರೆ ಡ್ರೈವರಿಗೆ ಇನ್ನೆಷ್ಟು! ಇನ್ನು ಅಂಕಿಯ ಪಕ್ಕಕ್ಕೆ ಬೂದಿ ಬಣ್ಣದಲ್ಲಿ ನೆರಳು ಬರೆಸುವವರ ಒಂದು ಜಾತಿ. ಒಬ್ಬ ಅಡಿಕೆ ವ್ಯಾಪಾರಿ ಹೊಸ ಕಾರಿಗೆ ಹಾಗೆ ಬರೆಸಿಕೊಂಡು ಹೋದಾಗ ಮಾವ ಅತ್ತೆಗೆ ಹೇಳಿದ: "ಈ ಆಸಾಮಿ ಎರಡನೇ ಮದುವೆಗೆ ಓಡಾಡ್ತಿದ್ದಾನೆ." ನಂಬುತ್ತೀರಾ? ಮೂರು ತಿಂಗಳಲ್ಲಿ ಆಗಿಯೇ ಹೋಯಿತು!

"ಅದು ನಿಂಗೆ ಹೇಗೆ ಗೊತ್ತಾಯ್ತು ಮಾವ?"

"ಎರಡು ಕಡೆ ನೆರಳು ಹಾಕಿ ಅಂದ್ನಲ್ಲ!"

ಅದಕ್ಕೇ ಯಾರಿಗೂ ಕೇಳಿದ ತಕ್ಷಣ ಬರೆದುಕೊಡುತ್ತಿರಲಿಲ್ಲ. ಯಜಮಾನನನ್ನು ಮಣೆಯ ಮೇಲೆ ಕೂರಿಸಿ, ಅತ್ತೆ ತಂದಿಟ್ಟ ಬೆಲ್ಲ ನೀರು ಕುಡಿಸಿ, ವಿಚಾರಣೆ. "ಎಲೆ ಮುಂದೆ ಕೂತ ಕೂಡ್ಲೇ ಉಪ್ಪಿನಕಾಯಿ ಮುಟ್ತೀರೋ, ಅನ್ನ ಬರೋವರೆಗೆ ಕಾಯ್ತೀರೋ?" ಎಂದು ಕೇಳುತ್ತಿದ್ದ. ಉಪ್ಪಿನಕಾಯಿ ಮುಟ್ಟುವವರಿಗೆ ನೆಟ್ಟಗೆ ನಿಂತ ಅಂಕಿ. ಸ್ವಲ್ಪ ತಾಳ್ಮೆ ಬರಲಿ ಎಂದು. ಬಸ್ಸಿನ ಯಜಮಾನರೊಬ್ಬರು ಜ್ಯೋತಿಷ್ಯ ಕೇಳಿಕೊಂಡು ಬಂದು, "ಪೈಂಟ್ರೇ, ನಾಲ್ಕು ನಮಗೆ ಆಗೋದಿಲ್ವಂತೆ. ಸ್ವಲ್ಪ ಒಂಬತ್ತಿನ ಹಾಗೆ ಕಾಣೋ ತರ ಬರೀರಿ" ಎಂದರು. ಮಾವ ಕುಂಚ ಕೆಳಗಿಟ್ಟ. "ನಾಲ್ಕು ನಾಲ್ಕೇ ಸ್ವಾಮಿ. ಒಂಬತ್ತು ಬೇಕಾದ್ರೆ ಇನ್ನೂ ಐದು ಬಸ್ಸು ತಗೊಳ್ಳಿ."

ಏಕೀಕರಣ ಆಗಿ ಎಲ್ಲರ ಮೈಮೇಲೂ ಕನ್ನಡ ಬಂದಿದ್ದ ದಿನಗಳು ಅವು. ಹೊಸನಗರದ ಒಬ್ಬರು ಜೀಪು ತಂದು, ನಂಬರು ಕನ್ನಡದ ಅಂಕಿಯಲ್ಲೇ ಬೇಕೆಂದು ಹಟ ಹಿಡಿದರು. ಕಾನೂನು ಒಪ್ಪುವುದಿಲ್ಲ. ಇವರೂ ಒಪ್ಪುವುದಿಲ್ಲ. ಮಾವ ಒಂದು ದಿನ ಯೋಚನೆ ಮಾಡಿ ಮುಂದಿನ ತಗಡಿಗೆ ಇಂಗ್ಲಿಷಿನಲ್ಲೂ ಹಿಂದಿನದಕ್ಕೆ ಕನ್ನಡದಲ್ಲೂ ಬರೆದುಕೊಟ್ಟ. "ಬರುವಾಗ ಇಂಗ್ಲಿಷಲ್ಲಿ ಬರ್ಲಿ, ಹೋಗುವಾಗ ಕನ್ನಡದಲ್ಲಿ ಹೋಗ್ಲಿ. ಪೊಲೀಸರು ಹಿಡಿಯೋದಾದ್ರೆ ಹಿಂದಿನಿಂದ ಓಡಿ ಬಂದೇ ಹಿಡೀಬೇಕಲ್ಲ, ಅಷ್ಟು ಕಷ್ಟ ಯಾರು ಪಡ್ತಾರೆ?"

ಹಾಗಂತ ಇಂಥ ಉಪಕಾರವನ್ನು ಎಲ್ಲ ಹೊತ್ತಿನಲ್ಲೂ ನಿರೀಕ್ಷಿಸುವಂತಿರಲಿಲ್ಲ. ನಮ್ಮ ಜೈನರಲ್ಲಿ ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು, ಆಮೇಲೆ ಅಗುಳೂ ಇಲ್ಲ. ಒಂದು ಸಂಜೆ ತೀರ್ಥಹಳ್ಳಿಯ ಲಾರಿಯವರು ಬಂದರು. ನಾಲ್ಕು ಅಂಕಿಯ ನಂಬರು. ಮಾವ ಎರಡು ಅಂಕಿ ಬರೆಯುವಷ್ಟರಲ್ಲಿ ಅತ್ತೆ ಒಳಗಿನಿಂದ, "ಬಡಿಸಿದ್ದೀನಿ" ಎಂದಳು. ಮಾವ ಎದ್ದೇಬಿಟ್ಟ.

"ಇನ್ನೆರಡೇ ಅಂಕಿ ಮಾರಾಯ್ರೆ! ಎರಡು ನಿಮಿಷದ ಕೆಲ್ಸ!"

"ನಂದೇನೂ ಅಡ್ಡಿ ಇಲ್ಲ. ಆ ಎರಡು ನಿಮಿಷ ಸೂರ್ಯನ ಹತ್ರ ಕೇಳ್ಕೊಂಡು ಬನ್ನಿ."

ಲಾರಿಯವರಿಗೂ ಅವಸರ. ಅರ್ಧ ನಂಬರಿನಲ್ಲೇ ಹೊರಟರು. ದಾರಿಯಲ್ಲಿ ಅರಣ್ಯ ಇಲಾಖೆಯ ಗೇಟಿನವನು ತಡೆದು, "ಎಲ್ರೀ ಉಳಿದ ನಂಬರು?" ಎಂದರೆ ಡ್ರೈವರು, "ಸಾಗರದಲ್ಲಿ ಊಟಕ್ಕೆ ಕೂತಿದೆ" ಅಂದನಂತೆ. ಗೇಟಿನವನಿಗೂ ಮಾವ ಗೊತ್ತು. ಗೇಟು ತೆಗೆದ!

ಇಷ್ಟರವರೆಗೆ ನಗು ಬೇರೆಯವರದ್ದು. ನನ್ನ ಪಾಲಿಗೂ ಒಂದು ಬಂತು. ನನ್ನನ್ನು ನೋಡಲು ತೀರ್ಥಹಳ್ಳಿಯ ಕಡೆಯಿಂದ ಒಂದು ಗಂಡು ಬಂತು, ಕಾರಿನಲ್ಲಿ! ಅಮ್ಮ ಹೊಸನಗರದಿಂದ ಎರಡು ದಿನ ಮೊದಲೇ ಬಂದು ಚಕ್ಕುಲಿ ಮಾಡಿದ್ದಳು. ಕಾರು ಓಣಿಯ ಬಾಯಲ್ಲಿ ನಿಂತಿತು. ಎಲ್ಲರೂ ಗಂಡನ್ನು ನೋಡಿದರೆ ಮಾವ ಕಾರಿನ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತ. ಒಳಗೆ ಬಂದು ಎಲ್ಲರ ಎದುರು ಕೇಳಿದ:

"ಕಾರು ಸ್ವಂತದ್ದಾ?"

"ಸ್ವಂತದ್ದೇ," ಅಂದರು ಗಂಡಿನ ಅಪ್ಪ. "ಹೋದ ವರ್ಷ ಮದ್ರಾಸಿಂದ ತರಿಸಿದ್ದು."

"ಹಾಗಾದ್ರೆ ಆನಂದಪುರದ ಅಕ್ಕಿ ಗಿರಣಿಯವರ ಏಳು ನಿಮ್ಮ ಕಾರಿಗೆ ಹೇಗೆ ಬಂತು? ಆ ಏಳಿನ ಸೊಂಟಕ್ಕೆ ಪಟ್ಟಿ ಹಾಕಿದ್ದು ನಾನು. ಅಂಥದ್ದು ಇನ್ನೊಂದು ಹಾಕ್ಲಿಲ್ಲ."

ಗಂಡಿನ ಬಾಯಲ್ಲಿದ್ದ ಚಕ್ಕುಲಿ ಅಲ್ಲಿಯೇ ನಿಂತಿತು. ಕಾರು ಎರವಲು ತಂದದ್ದೆಂದು ಅವರ ಚಿಕ್ಕಪ್ಪನೇ ಬಾಯಿಬಿಟ್ಟ. ಅಲ್ಲಿಗೆ ಮಾತುಕತೆ ಮುಗಿಯಿತು. ಅವರು ಹೋದ ಮೇಲೆ ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಒಂದು ಏಳರಿಂದ ನನ್ನ ಮಗಳ ಮದುವೆ ತಪ್ಪಿಸಿದ್ಯಲ್ಲೋ!" ಎಂದಳು.

"ಏಳರಿಂದ ತಪ್ಪಿದ್ದು ಮದುವೆ ಅಲ್ಲ ಅಕ್ಕ, ಏಳೂವರೆ ಶನಿ!"

ನನಗೆ ಬೇಜಾರೇ ಆಗಲಿಲ್ಲ ಅಂದರೆ ಸುಳ್ಳಾದೀತು. ಹುಡುಗ ನೋಡಲು ಚೆನ್ನಾಗಿಯೇ ಇದ್ದ. ಆದರೆ ಎರವಲು ಕಾರನ್ನು ತನ್ನದೆಂದು ಅಪ್ಪ ಹೇಳುವಾಗ ಅವನು ಸುಮ್ಮನೆ ಚಕ್ಕುಲಿ ಮುರಿಯುತ್ತಿದ್ದದ್ದು ನನ್ನ ಕಣ್ಣಿಗೂ ಬಿದ್ದಿತ್ತು. ಎರಡು ವರ್ಷ ಬಿಟ್ಟು ನನ್ನನ್ನು ಮದುವೆಯಾದವರ ಹತ್ತಿರ ಚಕ್ರವಿರುವ ವಸ್ತು ಯಾವುದೂ ಇರಲಿಲ್ಲ. ಮಾವನಿಗೆ ಪರೀಕ್ಷೆ ಮಾಡಲು ಏನೂ ಸಿಗದೆ ಒಪ್ಪಿಕೊಳ್ಳಬೇಕಾಯಿತು. ಅದು ಆಮೇಲಿನ ಮಾತು. ಅದಕ್ಕೆ ಮೊದಲು ನಡೆದದ್ದನ್ನು ಹೇಳಬೇಕು.

ಒಂದು ಮಾಗಿಯಲ್ಲಿ, ಬಂಧುಗಳ ಮನೆಯ ನಾಮಕರಣಕ್ಕೆಂದು ನಾನು ತೀರ್ಥಹಳ್ಳಿಯ ಬಸ್ಸು ಹತ್ತಿದೆ. ಮುಂದಿನ ಸೀಟು. ಡ್ರೈವರು ಗುರುತಿನವರು, ಐವತ್ತರ ಆಸುಪಾಸಿನವರು, ದಪ್ಪ ಮೀಸೆ. ಹೊಸನಗರದಲ್ಲಿ ಬಸ್ಸು ನಿಂತಾಗ ಹೊಸತಾಗಿ ಬಂದ ಪೊಲೀಸಿನವನೊಬ್ಬ ಮುಂದೆ ಬಂದು ನಿಂತ. ತಲೆ ಓರೆ ಮಾಡಿ ನೋಡಿದ.

"ಏನ್ರೀ ಇದು? ಮೂರೋ, ಎಂಟೋ?"

"ಮೂರು ಸಾರ್," ಅಂದರು ಡ್ರೈವರು.

"ಎಂಟಿನ ಹಾಗಿದೆ!"

"ಚಳಿ ಅಲ್ವಾ ಸಾರ್, ಮುದುಡಿಕೊಂಡಿದೆ."

ಬಸ್ಸೆಲ್ಲ ನಕ್ಕಿತು. ಪೊಲೀಸಿನವನೂ ನಕ್ಕು ಬಿಟ್ಟುಬಿಟ್ಟ. ನಾನೂ ನಗುತ್ತಲೇ ಇಳಿದು ನೋಡಿದೆ. ನಗು ಅಲ್ಲಿಯೇ ಹೋಯಿತು. ಅದು ಮಾವನ ಬರಹವೇ. ಆದರೆ ಅಂಕಿಗಳು ಒಂದರ ಭುಜದ ಮೇಲೆ ಒಂದು ಬಿದ್ದಿದ್ದವು. ಮೂರರ ಎರಡು ಬಾಯಿಗಳೂ ಮುಚ್ಚಿದ್ದವು. ಬಸ್ಸು ನಿಂತಲ್ಲೇ ಬರೆದದ್ದಿರಬೇಕು, ಕೊನೆಯ ಅಂಕಿ ತಗಡಿನ ಅಂಚು ದಾಟಿ ಬಂಪರಿನ ಮೇಲೆ ಕಾಲಿಟ್ಟಿತ್ತು.

ಡ್ರೈವರು ನನ್ನ ಹಿಂದೆಯೇ ಬಂದು ನಿಂತು ತಗ್ಗಿದ ದನಿಯಲ್ಲಿ ಹೇಳಿದರು: "ಅಕ್ಕೋರೇ, ಮನೇಲಿ ಹೇಳ್ಬೇಡಿ."

"ಯಾವಾಗಿನಿಂದ ಹೀಗೆ?"

"ಒಂದೂವರೆ ವರ್ಷ ಆಗಿರಬಹುದು. ಸ್ಟ್ಯಾಂಡಲ್ಲಿ ಎಲ್ರಿಗೂ ಗೊತ್ತು. ಪೈಂಟ್ರಿಗೆ ಕಣ್ಣು ಕಾಣ್ತಿಲ್ಲ."

ತೀರ್ಥಹಳ್ಳಿಯಲ್ಲಿ ಇಳಿದು ನಾಮಕರಣಕ್ಕೆ ಹೋಗುವ ಮೊದಲು ನಾನು ಸ್ಟ್ಯಾಂಡನ್ನು ಒಂದು ಸುತ್ತು ಹಾಕಿದೆ. ಒಂದು ಬಸ್ಸಿನ ಐದು ತಲೆಕೆಳಗಾದ ಹಾಗಿತ್ತು. ಇನ್ನೊಂದರ ಸೊನ್ನೆ ಕೂಡಿಕೊಂಡೇ ಇರಲಿಲ್ಲ, ಬಾಗಿಲು ತೆರೆದಿತ್ತು. ಒಂದೇ ಮನೆಯಲ್ಲಿದ್ದು, ದಿನಾ ಒಟ್ಟಿಗೆ ಊಟ ಮಾಡಿ, ಊರ ಮಕ್ಕಳಿಗೆಲ್ಲ ಅಂಕಿ ತಿದ್ದಿಸುವ ಟೀಚರಿಗೆ ಇದು ಕಾಣಲಿಲ್ಲವಲ್ಲ! ಮಾವ ಮಜ್ಜಿಗೆಯನ್ನು ಲೋಟದ ಪಕ್ಕಕ್ಕೆ ಹೊಯ್ದು, "ಈ ಲೋಟ ಒಂದು ಕಡೆ ಕೂರೋದಿಲ್ಲ" ಎಂದು ಬೈಯುತ್ತಿದ್ದಾಗ ನಾನು ನಕ್ಕಿದ್ದೆ. ತಮಾಷೆ ಮಾಡುವವರ ಮನೆಯಲ್ಲಿ ಇದೊಂದು ಕಷ್ಟ, ಎಲ್ಲವೂ ತಮಾಷೆಯಾಗಿಯೇ ಕಾಣುತ್ತದೆ.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತ, "ಗೊತ್ತು" ಎಂದಳು. "ಡಾಕ್ಟರ ಹತ್ರ ಹೋಗೋಣ ಅಂದ್ರೆ ಎರಡು ದಿನ ಮಾತು ಬಿಡ್ತಾರೆ. ಕಣ್ಣಿಗೆ ಚಾಕು ಹಾಕ್ತಾರಂತಲ್ಲ, ಅದಕ್ಕೆ ಹೆದರಿಕೆ."

ಹೆದರಿದವರನ್ನು ಹೊರಡಿಸುವುದು ಹೇಗೆ? ಸುಳ್ಳು ಹೇಳದೆ ಹೊರಡಿಸಬೇಕು ಬೇರೆ. ನನ್ನ ಜೊತೆಯ ಟೀಚರೊಬ್ಬರು ಶಿವಮೊಗ್ಗದ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದಿದ್ದರು. ಆ ಡಾಕ್ಟರ ಕಾರಿನ ನಂಬರು ಬಣ್ಣದ್ದಲ್ಲ, ತಗಡನ್ನೇ ಒತ್ತಿ ಅಂಕಿ ಎಬ್ಬಿಸಿದ್ದು ಎಂದು ಅವರೇ ಮಾತಿಗೆ ಹೇಳಿದ್ದರು. ನಾನು ಮಾವನ ಮುಂದೆ ಅಷ್ಟನ್ನೇ ಹೇಳಿದೆ. ಕಾರು ಯಾರದೆಂದು ಹೇಳಲಿಲ್ಲ.

"ಕುಂಚ ಮುಟ್ಟಿಸದೇ ನಂಬರಾ?" ಮಾವ ಎದ್ದು ಕೂತ. "ಅದ್ಯಾವ ಅನಾಚಾರ ಅಂತ ನೋಡ್ಲೇಬೇಕು!"

ಮುಂದಿನ ಭಾನುವಾರವೇ ರೈಲಿನಲ್ಲಿ ಮೂವರೂ ಶಿವಮೊಗ್ಗಕ್ಕೆ ಹೊರಟೆವು. ದಾರಿಯುದ್ದಕ್ಕೂ ಮಾವ ಒತ್ತಿದ ಅಂಕಿಯನ್ನು ಬೈದದ್ದೇ ಬೈದದ್ದು. ಆಸ್ಪತ್ರೆಯ ಅಂಗಳದಲ್ಲಿ ಕಾರು ನಿಂತಿತ್ತು. ಮಾವ ಕುಕ್ಕರಗಾಲಲ್ಲಿ ಕೂತು ಮುಖವನ್ನು ತಗಡಿಗೆ ತಾಗಿಸುವಷ್ಟು ಹತ್ತಿರ ಒಯ್ದ. ಕಾಣಲಿಲ್ಲವೆಂದು ತೋರುತ್ತದೆ. ಆಮೇಲೆ ಬೆರಳು ಚಾಚಿ ಒಂದೊಂದು ಅಂಕಿಯನ್ನೂ ಮೆಲ್ಲಗೆ ತಡವಿದ. ಆರು. ಎರಡು. ಒಂಬತ್ತು. ಎಲ್ಲವನ್ನೂ ಸರಿಯಾಗಿ ಹೇಳಿದ.

"ಇದು ಕಣ್ಣಿಲ್ಲದವರಿಗೆ ಅಂತ ಮಾಡಿದ್ದು," ಎಂದ.

ಮಾವ ಮೊಣಕಾಲಿಗೆ ಕೈಯೂರಿ ಎದ್ದು, "ಡಾಕ್ಟ್ರು ಒಳಗಿದ್ದಾರಾ?" ಎಂದು ಕೇಳಿದ.

"ಆಸ್ಪತ್ರೆ ಅಂತ ನಿಂಗೆ ಹೇಗೆ ಗೊತ್ತಾಯ್ತು ಮಾವ?"

"ಔಷಧಿ ವಾಸನೆ ರಸ್ತೆವರೆಗೂ ಬರ್ತಿದೆ. ಕಣ್ಣು ಹೋದ್ರೆ ಮೂಗೂ ಹೋಗ್ತದಾ?"

ಎರಡೂ ಕಣ್ಣಿಗೆ ಪೊರೆ. ವಾರ ಬಿಟ್ಟು ಆಪರೇಷನ್ನು ಆಯಿತು. ಆಗೆಲ್ಲ ಕಣ್ಣಿಗೆ ಪಟ್ಟಿ ಕಟ್ಟಿ, ತಲೆ ಅಲುಗದಂತೆ ಎರಡು ಕಡೆ ಮರಳಿನ ಚೀಲ ಇಟ್ಟು ಮಲಗಿಸುತ್ತಿದ್ದರು. ಒಂದು ದಿನ ಸಂಜೆಯ ಗಂಜಿ ಬರುವುದು ತಡವಾಯಿತು. ಪಟ್ಟಿಯೊಳಗಿನಿಂದ ಮಾವ ಕೇಳಿದ, "ಹೊತ್ತು ಮುಳುಗಿತಾ?" ಇಲ್ಲ ಅಂದಿದ್ದರೆ ಆಗುತ್ತಿತ್ತು. ಅತ್ತೆಗೆ ಸುಳ್ಳು ಬರುವುದಿಲ್ಲ. "ಈಗಷ್ಟೇ ಮುಳುಗಿತು" ಎಂದಳು. ಇಬ್ಬರೂ ಉಪವಾಸ ಮಲಗಿದರು.

ಕನ್ನಡಕ ಬರಲು ಮತ್ತೆ ಒಂದೂವರೆ ತಿಂಗಳು. ಸೋಡಾ ಬಾಟಲಿಯ ತಳದಷ್ಟು ದಪ್ಪದ ಗಾಜು. ಸಾಗರದ ಮನೆಯಲ್ಲಿ, ಮಧ್ಯಾಹ್ನದ ಮೇಲೆ, ಅದನ್ನು ಹಾಕಿಕೊಂಡವನು ಸುತ್ತ ಒಮ್ಮೆಯೂ ನೋಡಲಿಲ್ಲ. ಅತ್ತೆ ಅಡಿಗೆಮನೆಯ ಬಾಗಿಲಿಗೆ ಬರುವಷ್ಟರಲ್ಲಿ ಮೆಟ್ಟಿಲಿಳಿದು ಸ್ಟ್ಯಾಂಡಿಗೆ ಹೊರಟೇಬಿಟ್ಟಿದ್ದ. ನಾನು ಹಿಂದೆ ಓಡಿದೆ.

ಸ್ಟ್ಯಾಂಡಿನವರಿಗೆ ಕನ್ನಡಕ ದೂರದಿಂದಲೇ ಕಂಡಿತು. ಒಬ್ಬ ಬಸ್ಸು ಶುರು ಮಾಡಿ ಗೋಡೆಗೆ ಒತ್ತಿ ನಿಲ್ಲಿಸಿದ. ಇನ್ನೊಬ್ಬ ತಗಡಿಗೆ ಬೆನ್ನು ಒರಗಿಸಿ ನಿಂತು ಬೀಡಿ ಹಚ್ಚಿದ. ಒಬ್ಬ ಕಂಡಕ್ಟರು ತನ್ನ ಖಾಕಿ ಅಂಗಿಯನ್ನೇ ಬಿಚ್ಚಿ ನಂಬರಿನ ಮೇಲೆ ಒಣಹಾಕಿದ! ಮಾವ ಅವರನ್ನೆಲ್ಲ ದಾಟಿ ಹೋದ. ದಪ್ಪ ಮೀಸೆಯ ಡ್ರೈವರ ಬಸ್ಸಿನ ಮುಂದೆ ನಿಂತು ಬಹಳ ಹೊತ್ತು ನೋಡಿದ.

"ಇದು ನಾನು ಬರೆದದ್ದಾ?"

"ಹೌದು ಪೈಂಟ್ರೇ."

"ಎಂಟಾ?"

"ಮೂರು."

"ಬೇರೆಯವರ ಹತ್ರ ಬರೆಸಬಹುದಿತ್ತಲ್ಲ ಮಾರಾಯ."

"ಬರೆಸಿದ್ರೆ ನೀವು ಮರುದಿನದಿಂದ ಸ್ಟ್ಯಾಂಡಿಗೆ ಬರ್ತಿರ್ಲಿಲ್ಲ," ಅಂದರು ಡ್ರೈವರು. "ಪೊಲೀಸರಿಗೆ ಏನೋ ಒಂದು ಹೇಳಬಹುದು. ಬೆಳಿಗ್ಗೆ ನೀವು ಬರ್ಲಿಲ್ಲ ಅಂದ್ರೆ ನಮಗೆ ನಾವು ಏನು ಹೇಳ್ಕೊಳ್ಳೋದು?"

ಮಾವ ತಲೆ ಆಡಿಸಿದ. ನಾಳೆಯಿಂದ ತಗಡುಗಳನ್ನು ಬಿಚ್ಚಿ ಒಂದೊಂದಾಗಿ ಜಗಲಿಗೆ ತನ್ನಿ, ಎಲ್ಲವನ್ನೂ ಹೊಸತಾಗಿ ಬರೆಯುತ್ತೇನೆ ಎಂದ. ಮನೆಗೆ ಬರುವಾಗ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದ.

ಜಗಲಿಯಲ್ಲಿ ಇನ್ನೂ ಬಿಸಿಲಿತ್ತು. ಮಾವ ಕೂತ. ಅತ್ತೆ ಮಜ್ಜಿಗೆ ತಂದು ಪಕ್ಕದಲ್ಲಿಟ್ಟಳು.

"ಎಲ್ರಿಗೂ ಗೊತ್ತಿತ್ತಂತೆ. ನಿಂಗೂ ಗೊತ್ತಿತ್ತಾ?"

"ಹೂಂ."

ಮಾವ ತಲೆಯೆತ್ತಿ ಅತ್ತೆಯ ಕಡೆ ನೋಡಿದ. ಕನ್ನಡಕವನ್ನು ಒಮ್ಮೆ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ.

"ನಿನ್ನ ತಲೆ ಇಷ್ಟು ಬೆಳ್ಳಗೆ ಯಾವಾಗ ಆಯ್ತೇ?"

"ಆಗಿ ಎರಡು ವರ್ಷ ಆಯ್ತು," ಎಂದಳು ಅತ್ತೆ, ನಾಚಿಕೊಂಡು. ಸೆರಗನ್ನು ಎಳೆದು ತಲೆಗೆ ಹೊದ್ದುಕೊಂಡಳು.

ಮಾವ ಕೈ ಚಾಚಿ ಆ ಸೆರಗನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದ.

"ಇರ್ಲಿ, ನೋಡ್ತೀನಿ," ಎಂದ.